ಇರುವೆ ನಾಡಿ

ಪ್ರೀತಿಯ ಹಕೀಮ್ ಸಾಹೇಬರಿಗೆ,

ನಿಮ್ಮ ಮೇಷ್ಟ್ರ ಸಲಾಂ. ಸಲಾಂ ಹೇಳಿದಾಗಲೆಲ್ಲ ನೀವು ‘ಮೊದಲು ನಾಲಿಗೆ ತೋರ್ಸಿ’ ಅನ್ನುತ್ತಿದ್ದಿರಿ. ಈಗ ಕೇಳುವವರಿಲ್ಲ. ನೀವು ಹೋಗಿ ಎರಡು ವರ್ಷವಾಯಿತು. ಮಾಗಡಿ ರಸ್ತೆಯ ನಿಮ್ಮ ದವಾಖಾನೆಯಲ್ಲಿ ಈಗ ಸೈಕಲ್ ಶಾಪ್ ಇದೆ. ಅಲ್ಲಿಗೆ ಬರುತ್ತಿದ್ದಂತೆ ನಾನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತೇನೆ. ಯಾಕೆ ಅಂತ ಹೇಳಲೆಂದೇ ಈ ಕಾಗದ.

ಮೊದಲ ಸಲ ಬಂದದ್ದು ಹೊಟ್ಟೆಯುರಿಗೆ. ರಾಜಾಜಿನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ಹಕೀಮರ ಬಾಗಿಲಿಗೆ ಬರುವುದೇ ಅವಮಾನವೆಂದು ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ನೀವು ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿಟ್ಟು ಊಟ ಕೇಳಿದಿರಿ, ನಿದ್ದೆ ಕೇಳಿದಿರಿ. ಕೊನೆಗೆ, ‘ಯಾವುದ್ರಲ್ಲಿ ನಿಮ್ಗೆ ಸುಖ ಮೇಷ್ಟ್ರೇ?’ ಅಂದಿರಿ. ಹೊಟ್ಟೆಯುರಿಗೂ ಸುಖಕ್ಕೂ ಎತ್ತಣ ಸಂಬಂಧ ಅಂತ ರೇಗಿದೆ. ಉತ್ತರ ಮಾತ್ರ ಹೊಳೆಯಲಿಲ್ಲ. ಅದು ಹೊಳೆದ ಮೇಲೆ ಬನ್ನಿ ಅಂತ ಪುಡಿ ಕಟ್ಟಿಕೊಟ್ಟಿರಿ. ಆಮೇಲೆ ಐದು ವರ್ಷ, ಸ್ಕೂಲು ಬಿಟ್ಟೊಡನೆ ನಿಮ್ಮಲ್ಲಿಗೇ ಬಂದೆನಲ್ಲ, ಅದೇ ಉತ್ತರವಾಗಿತ್ತೇನೋ.

ಬಾಗ್ದಾದು, ಬುಖಾರಾಗಳ ಹಳೆಯ ತತ್ವಜ್ಞಾನಿಗಳು ನಿಮಗೆ ಹಿಂದಿನ ಬೀದಿಯವರಿದ್ದ ಹಾಗೆ. ಸಾವಿರ ವರ್ಷದ ಹಿಂದೆ ರೋಗಿಗಳನ್ನೂ ನೋಡುತ್ತ ದೇವರ ಬಗ್ಗೆಯೂ ಯೋಚಿಸಿದವರು. ಒಂದು ಸಂಜೆ ಚಹಾ ಬಗ್ಗಿಸುತ್ತ ಅವರ ವಾದ ಬಿಡಿಸಿ ಹೇಳಿದಿರಿ: ನಾವೆಲ್ಲ ಇರಬಹುದಿತ್ತು, ಇಲ್ಲದೆಯೂ ಇರಬಹುದಿತ್ತು, ಇರಲೇಬೇಕಾದವನು ಅವನೊಬ್ಬನೇ, ನಮ್ಮ ಇರವು ಅವನಿಂದ ತಂದ ಎರವಲು. ಎರವಲಿಗೆ ಔಷಧ ಬೇರೆ ಯಾಕೆ ಅಂತ ಕೊಂಕು ತೆಗೆದೆ. ‘ಪಕ್ಕದ್ಮನೆ ಪಾತ್ರೆ ಅಂತ ಸೊಟ್ಟ ಮಾಡಿ ವಾಪಸ್ ಕೊಡ್ತೀರಾ?’ ಅಂದು ನಕ್ಕಿರಿ. ಆ ನಗು ಇನ್ನೊಂದು ಸಲ...

ಆ ತತ್ವಜ್ಞಾನಿಗಳದೇ ಎರಡು ಮಾತು ನನ್ನಲ್ಲಿ ನಿಂತುಬಿಟ್ಟವು. ಮನುಷ್ಯನ ದೊಡ್ಡ ಸುಖ ನಿಜವನ್ನು ತಿಳಿಯುವುದರಲ್ಲಿದೆ ಅನ್ನುವುದು ಒಂದು. ತನಗೆ ಭರವಸೆ ಇಲ್ಲದಿದ್ದರೂ ವೈದ್ಯ ರೋಗಿಗೆ ವಾಸಿಯಾಗುತ್ತದೆ ಅಂತಲೇ ಹೇಳಬೇಕು, ದೇಹ ಮನಸ್ಸಿನ ಹಿಂದೆ ಹೋಗುತ್ತದೆ ಅನ್ನುವುದು ಇನ್ನೊಂದು. ಎರಡೂ ಎದುರುಬದುರು ನಿಂತರೆ ಯಾವುದನ್ನು ಹಿಡಿಯಬೇಕು ಅಂತ ನಾನು ಯಾಕೆ ಕೇಳಲಿಲ್ಲ?

ನಾಡಿ ನೋಡುವುದನ್ನು ನೀವೇ ಬೆರಳು ಹಿಡಿದು ಕಲಿಸಿದಿರಿ. ಅಲೆಯ ಹಾಗೆ ಮೆಲ್ಲಗೆ ಉರುಳುವ ನಾಡಿ, ಕಫ ಹೆಚ್ಚಾದವರದು. ಅದು ಸಣ್ಣದಾದರೆ ಹುಳ ತೆವಳಿದ ಹಾಗೆ. ಇನ್ನೂ ಸಣ್ಣದಾಗಿ ತೀವ್ರವಾದರೆ ಇರುವೆ ಹರಿದ ಹಾಗೆ. ಇರುವೆ ಬಂದ ಮೇಲೆ ಹಕೀಮನ ಕೆಲಸ ಮುಗಿಯಿತು, ಮನೆಯವರನ್ನು ಕರೆಸಬೇಕು ಅಂದಿದ್ದಿರಿ.

ಆ ಶುಕ್ರವಾರ ನಾನು ಬರುವ ಹೊತ್ತಿಗೆ ನೀವು ಗೋಡೆಗೊರಗಿ ಕೂತಿದ್ದಿರಿ. ತನ್ನ ನಾಡಿ ತಾನೇ ನೋಡಿಕೊಂಡರೆ ಹಕೀಮನ ಬೆರಳೂ ಸುಳ್ಳು ಹೇಳುತ್ತದೆ ಅನ್ನುವುದು ನಿಮ್ಮ ನೇಮ. ಅದಕ್ಕೇ ನನ್ನ ಕಡೆ ಕೈ ಚಾಚಿದಿರಿ.

‘ನೋಡಿ ಹೇಳಿ ಮೇಷ್ಟ್ರೇ. ಜೈನಬ್‌ನ ಕರೆಸ್ಬೇಕಾ?’

ಗುಲ್ಬರ್ಗದಲ್ಲಿದ್ದ ಒಬ್ಬಳೇ ಮಗಳು. ನನ್ನ ಬೆರಳ ಕೆಳಗೆ ಇರುವೆ ಹರಿಯುತ್ತಿತ್ತು. ಬೆರಳು ತೆಗೆದು ಮತ್ತೆ ಇಟ್ಟೆ. ಇರುವೆಯೇ.

‘ಅಲೆ ಸಾಹೇಬ್ರೇ,’ ಅಂದೆ. ‘ಕಫ ಜಾಸ್ತಿ ಆಗಿದೆ ಅಷ್ಟೇ. ಅವರನ್ನ ಕರೆಸೋದೇನೂ ಬೇಡ.’

ನೀವು ನನ್ನ ಮುಖವನ್ನೇ ನೋಡಿ, ಸರಿ ಅಂತ ಕೈ ಹಿಂದಕ್ಕೆ ತೆಗೆದುಕೊಂಡಿರಿ. ನಿಮಗೆ ಗೊತ್ತಾಗಿತ್ತೇ? ಶಿಷ್ಯನ ಮಾತನ್ನು ಸುಳ್ಳು ಮಾಡಬಾರದೆಂದು ಸುಮ್ಮನಾದಿರೇ? ರೋಗಿಗೆ ಧೈರ್ಯ ಹೇಳಿದೆ, ನೀವೇ ಕಲಿಸಿದ ಪಾಠ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನೀವು ಹೋಗುತ್ತೀರಿ ಅನ್ನುವುದನ್ನು ನನ್ನ ಬಾಯಿಂದ ಹೇಳಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ. ನೀವು ಕೇಳಿದ್ದು ರೋಗಿಯಾಗಿ ಅಲ್ಲ, ಅಪ್ಪನಾಗಿ.

ಮಂಗಳವಾರ ಮಧ್ಯಾಹ್ನ ಹೋದಿರಿ. ಸಂಜೆ ಎಲ್ಲರ ಜೊತೆ ನಿಂತು ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಬುಧವಾರ ಜೈನಬ್ ಬಂದಳು. ಅಬ್ಬಾ ತನ್ನನ್ನು ಕೇಳಿದ್ದರಾ ಅಂತ ವಿಚಾರಿಸಿದಳು. ಕೇಳಿದ್ದರು ಅಂದೆ. ಉಳಿದದ್ದನ್ನು ಹೇಳಲಿಲ್ಲ. ಅವಳು ನಿಮ್ಮ ಚಾಪೆಯ ಮೇಲೆ ಕೈಯಾಡಿಸುತ್ತ ಕೂತಿದ್ದಳು.

ಹೋದ ತಿಂಗಳು ನಮ್ಮಮ್ಮ ಕೈ ಚಾಚಿದರು. ಡಾಕ್ಟರು ಮಾತು ತೇಲಿಸಿ ಹೋಗಿದ್ದರು. ‘ನಿಜ ಹೇಳೋ. ನಿನ್ ತಂಗಿನ ಕರೆಸ್ಬೇಕೇನೋ?’ ಅಂದರು. ಅದೇ ಪ್ರಶ್ನೆ, ಸಾಹೇಬರೇ. ನಾಡಿ ಹಿಡಿದೆ. ಇರುವೆಯೇ.

‘ಇವತ್ತೇ ಕರೆಸೋಣಮ್ಮ.’

ದಾವಣಗೆರೆಗೆ ತಂತಿ ಕೊಟ್ಟೆ. ತಂಗಿ ಬಂದಳು. ಹನ್ನೊಂದು ದಿನ ಇಬ್ಬರೂ ಒಂದೇ ಮಂಚದಲ್ಲಿ ಮಲಗಿದರು. ಅಮ್ಮನ ತಲೆ ಬಾಚುತ್ತ, ಯಾವುದೋ ಹಳೇ ರೇಷ್ಮೆ ರವಿಕೆಗೆ ಜಗಳವಾಡಿ ನಕ್ಕಳು. ಅಮ್ಮ ಅವಳ ಕೈಯಲ್ಲೇ ನೀರು ಕುಡಿದು ಹೋದರು. ಪಕ್ಕದ ಕೋಣೆಯಲ್ಲಿ ಆ ನಗು ಕೇಳುತ್ತಿದ್ದಾಗಲೇ ನನಗೆ ತಿಳಿದದ್ದು, ನಾನು ನಿಮ್ಮಿಂದ ಕಿತ್ತುಕೊಂಡದ್ದು ಏನು ಅಂತ.

ನಾಳೆ ಗುಲ್ಬರ್ಗಕ್ಕೆ ಹೊರಟಿದ್ದೇನೆ. ಜೈನಬ್‌ಗೆ ಎಲ್ಲವನ್ನೂ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಬಾಗಿಲ ಆಚೆ ನಿಂತಾದರೂ ಹೇಳಿಯೇ ಬರುತ್ತೇನೆ. ಅದಕ್ಕೂ ಮುಂಚೆ ನಿಮಗೆ ಹೇಳಬೇಕು, ಮೊದಲು ಕೇಳಿದವರು ನೀವು.

ಇರುವೆ, ಸಾಹೇಬರೇ. ಅವತ್ತು ಇರುವೆಯೇ ಇತ್ತು. ಮಗಳನ್ನು ಕರೆಸಿ.