ತೂತಿಲ್ಲದ ಪೈಸೆ

೧೨ ಜೂನ್ ೧೯೫೭, ಬುಧವಾರ. ಸೊಲ್ಲಾಪುರ.

ಇಂದು ಅಕ್ಕಲಕೋಟೆಗೆ ಹೋಗಬಾರದಿತ್ತು.

ನಯಾ ಪೈಸೆ ಬಂದಾಗಿನಿಂದ ಹುಡುಗತನದ ಹುಚ್ಚು ಮತ್ತೆ ಹಿಡಿದಿದೆ. ಅಂಗಡಿಗೆ ಬರುವ ಹಳೆಯ ನಾಣ್ಯಗಳಲ್ಲಿ ಟಂಕಸಾಲೆಯ ತಪ್ಪು ಹುಡುಕುತ್ತೇನೆ. ಎರಡು ತಿಂಗಳಲ್ಲಿ ಸಿಕ್ಕಿದ್ದು ಅಚ್ಚು ಪಕ್ಕಕ್ಕೆ ಸರಿದ ಒಂದು ಆಣೆ ಮಾತ್ರ. ಯುದ್ಧಕಾಲದಲ್ಲಿ ನನ್ನ ಬಳಿ ಅದಕ್ಕಿಂತ ಅಪರೂಪದ್ದಿತ್ತು: ತೂತಿನ ಪೈಸೆ, ಆದರೆ ನಡುವೆ ತೂತೇ ಬಿದ್ದಿರಲಿಲ್ಲ. ಅದು ಕಡ್ಡಿಪೆಟ್ಟಿಗೆಯಿಂದ ಕಾಣೆಯಾದಾಗ ತಮ್ಮ ಗುರುಪಾದನನ್ನು ಕಳ್ಳ ಎಂದೆ. "ನಾ ತಗೊಂಡಿಲ್ಲೋ ಅಣ್ಣಾ" ಎಂದು ಅತ್ತ. ನಾನು ಮಾತು ಬಿಟ್ಟೆ. ಅದೇ ಮಳೆಗಾಲ ಜ್ವರದಲ್ಲಿ ತೀರಿಕೊಂಡ.

ಹಳೆಯ ದುಡ್ಡು ಇದ್ದರೆ ಕೊಡು ಎಂದು ಇಂದು ಅಕ್ಕಲಕೋಟೆಯಲ್ಲಿರುವ ಅಕ್ಕ ಉಮಕ್ಕನನ್ನು ಕೇಳಿದೆ. ಮಗ ಕೂಸಾಗಿದ್ದಾಗ ಕಟ್ಟಿದ ಉಡದಾರವನ್ನು ತಂದಳು. ಅದಕ್ಕೆ ಪೋಣಿಸಿದ್ದ ಐದು ಪೈಸೆಗಳಲ್ಲಿ ಒಂದರ ತೂತು ನಡುವಿಗಿರಲಿಲ್ಲ. ಟಂಕಸಾಲೆಯ ತಪ್ಪೆಂದು ಹಿಗ್ಗಿಬಿಟ್ಟೆ.

ಅಕ್ಕ ನಕ್ಕಳು. "ಟಂಕಸಾಲಿದಲ್ಲೋ, ನಮ್ಮ ಅಕ್ಕಸಾಲಿ ಪತ್ತಾರಂದು. ನಾಕಕ್ಕೂ ತೂತ ಇತ್ತು, ಇದಕ್ಕ ಇರಲಿಲ್ಲ. ಪೋಣಸಾಕ ಬರವಲ್ದಂತ ಹೊಡಿಸಿದ್ನಿ. ಬಾಣಂತನಕ್ಕ ಬಂದಾಗ ನಿನ್ನ ಕಡ್ಡಿಪೆಟಗಿಯಿಂದನ ತಗೊಂಡಿದ್ನಿ. ಈಗ ಸಿಟ್ಟಾಗಬ್ಯಾಡಪಾ, ಒಂದ ಪೈಸಾ."

ಸಿಟ್ಟಿಲ್ಲ ಅಕ್ಕಾ, ಎಂದೆ. ಅವಳಿಗೆ ಏನೂ ಗೊತ್ತಿಲ್ಲ. ನಾನು ಹೇಳಲೂ ಇಲ್ಲ.

ನಾನು ಓದುವ ರಷ್ಯನ್ ಕಾದಂಬರಿಗಳಲ್ಲಿ ತಪ್ಪು ಮಾಡಿದವನು ಕೊನೆಗೆ ಯಾರ ಮುಂದಾದರೂ ಒಪ್ಪಿಕೊಳ್ಳುತ್ತಾನೆ. ನನ್ನ ಮುಂದೆ ಮೇಜಿನ ಮೇಲೆ ಈ ಪೈಸೆ ಇದೆ, ತೂತಿನ ಅಂಚು ಇನ್ನೂ ಒರಟು.

ಗುರುಪಾದ ಹೋದಾಗ ನಾನು ಅವನೊಡನೆ ಮಾತು ಬಿಟ್ಟು ಹನ್ನೆರಡು ದಿನವಾಗಿತ್ತು. ಇಲ್ಲ, ಹದಿಮೂರು.