ಹೆಲ್ಮೆಟ್ ಕೊಡದ ಕೋಚ್

ನವೆಂಬರ್ 23, 2019, ಶನಿವಾರ

ನಿದ್ದೆ ಹತ್ತುತ್ತಿಲ್ಲ. ನಲವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡನ ಬಗ್ಗೆ ಇವತ್ತು ಹೊಸ ಸಂಗತಿ ತಿಳಿಯಿತು.

ಶಾಲೆಯ ಜಿಮ್ಮಿನಲ್ಲಿ ನನ್ನ ಗಂಡ ವರ್ಲಿನ್‌ಗೆ ಬೀಳ್ಕೊಡುಗೆ. ಮೂವತ್ತೆಂಟು ವರ್ಷ ಊರಿನ ಹುಡುಗರಿಗೆ ಅಮೆರಿಕನ್ ಫುಟ್‌ಬಾಲ್, ಅದೇ ಹೆಲ್ಮೆಟ್ ಹಾಕಿ ಆಡುವ ಆಟ, ಕಲಿಸಿದ್ದಕ್ಕೆ ಒಂದು ಗಡಿಯಾರ ಕೊಟ್ಟರು. ಊಟದ ನಡುವೆ ಕ್ಲಿಯಾನ್ ಟಿಡ್ವೆಲ್ ಎದ್ದು ನಿಂತ. 1987ರ ಟೆಕ್ಸಸ್ ರಾಜ್ಯ ಫೈನಲ್‌ನಲ್ಲಿ ನಮ್ಮ ಶಾಲಾ ತಂಡದ ಅತಿ ವೇಗದ ಓಟಗಾರ ಅವನೇ.

"ತಲೆಗೆ ಏಟು ಬಿದ್ದು ಕಣ್ಣು ಮಂಜಾಗಿತ್ತು. ಏನೂ ಆಗಿಲ್ಲ, ಆಡ್ತೀನಿ ಅಂತ ಸುಳ್ಳು ಹೇಳ್ದೆ. ಈ ಮುದುಕ ನನ್ ಹೆಲ್ಮೆಟ್ ಕಿತ್ಕೊಂಡು ಅದರ ಮೇಲೇ ಕೂತ್ಬಿಟ್ಟ! ಬಾಯಿಗೆ ಬಂದಂಗೆ ಬೈದೆ. 'ಬೈಯೋ, ಬದುಕಿದ್ರೆ ತಾನೇ ಬೈಯೋದು' ಅಂದ."

ಜಿಮ್ಮಿಗೆ ಜಿಮ್ಮೇ ನಕ್ಕಿತು. ಆ ಫೈನಲ್ ದಿನ ಯಾರೂ ನಕ್ಕಿರಲಿಲ್ಲ. ಮೂರು ಅಂಕದಿಂದ ಸೋತೆವು. ಮರುದಿನ ಬೆಳಗ್ಗೆ ನಮ್ಮ ಅಂಗಳದಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಹನ್ನೊಂದು ಬೋರ್ಡುಗಳು! ಊರು ಬಿಟ್ಟು ತೊಲಗಿ ಅಂತ ನೆಟ್ಟವರು ಊರಿನವರೇ.

ಬರುವಾಗ ಕಾರಿನಲ್ಲಿ ಸುಮ್ಮನೆ ಅಂದೆ, "ಅವತ್ತು ಗೆದ್ದಿದ್ರೆ ನಮ್ ಬದುಕೇ ಬೇರೆ ಆಗ್ತಿತ್ತೇನೋ."

"ಆಗ್ತಿತ್ತು ಕಣೇ ಆರ್ಡಿತ್. ಗೆದ್ರೆ ಕೋಚ್ ಕೆಲ್ಸ ನಿಂದೇ ಅಂತ ದೊಡ್ಡ ಕಾಲೇಜಿಂದ ಕಾಗದ ಬಂದಿತ್ತು. ಆಟದ ಹೊತ್ತಲ್ಲಿ ಜೇಬಲ್ಲೇ ಇತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಹುಡುಗನ ಮುಖ ಕಂಡಾಗೆಲ್ಲ ನಿಂಗೆ ಅದೇ ನೆನಪಾಗ್ತಿತ್ತು."

ಕ್ಲಿಯಾನ್ ಆ ವರ್ಷವೆಲ್ಲ ಭಾನುವಾರದ ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದ. ಮನಸಾರೆ ಬಡಿಸಿದ್ದೆ. ತಿಳಿದಿದ್ದರೆ ನನ್ನ ಕೈ ಹಾಗೆ ಬಡಿಸುತ್ತಿತ್ತೇ?

ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಎಂಥವನ ಜೊತೆ ಇಷ್ಟು ವರ್ಷ ಬಾಳಿದೆ ನಾನು, ಏನೂ ತಿಳಿಯದೆ.