ಹಸಿ ಕಸದಲ್ಲಿ ಸಿಕ್ಕ ಹಲ್ಲು

ತಂಗೀ,

ನಾನೂ ನಿನ್ನ ಅತ್ತಿಗೆಯೂ ಕ್ಷೇಮ. ನನ್ನ ಮಾನ ಮಾತ್ರ ಅಷ್ಟು ಕ್ಷೇಮವಾಗಿಲ್ಲ.

ನಾವು ಬಂದು ಸೇರಿದ ಈ ನಿವೃತ್ತರ ಬಡಾವಣೆಯಲ್ಲಿ ಊಟ ತಪ್ಪಿದರೂ ನಡೆಯುತ್ತದೆ, ಕಸ ತಪ್ಪುವಂತಿಲ್ಲ. ಹಾಲಿನ ಕವರನ್ನೂ ತೊಳೆದು, ಬನಿಯನ್ ಪಕ್ಕದಲ್ಲೇ ಕ್ಲಿಪ್ಪು ಹಾಕಿ ಒಣಗಿಸಿ ಕೊಡಬೇಕು. ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಊರಿಗೆಲ್ಲ ಕಸದ ಪಾಠ ಹೇಳಿದವನಿಗೆ ಇದೇನು ಮಹಾ ಎಂದು ಬೀಗಿದ್ದೆ.

ನಿನ್ನೆ ಬಡಾವಣೆಯವರೆಲ್ಲ ಒಟ್ಟಿಗೆ ಉಣ್ಣುವ ಊಟದ ಮನೆಗೆ ಕಸ ವಿಂಗಡಿಸುವಾಕೆ ಬಂದಳು. ಇಕ್ಕಳದಲ್ಲಿ ಒಂದು ಹಲ್ಲಿನ ಸೆಟ್ಟು ಎತ್ತಿ ಹಿಡಿದು, "ಹಸಿ ಕಸಕ್ಕೆ ಪ್ಲಾಸ್ಟಿಕ್ ಹಾಕಿದ್ದು ಯಾರು?" ಎಂದಳು. ಎಲ್ಲರೂ ಮೆಲ್ಲಗೆ ತಮ್ಮ ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ನಾನು ಮುಟ್ಟಲಿಲ್ಲ. ಬೆಳಗಿನಿಂದ ಮನೆಯೆಲ್ಲ ಹುಡುಕಿದ್ದ ಹಲ್ಲು ಅದೇ. ರಾತ್ರಿ ಬಾಳೆಹಣ್ಣಿನ ಸಿಪ್ಪೆಯ ಜೊತೆ ಅರಿವಿಲ್ಲದೆ ಎಸೆದುಬಿಟ್ಟಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನೆ ಕೂತೆ.

ನಿನ್ನ ಅತ್ತಿಗೆ ಕೈ ಎತ್ತಿದಳು: "ನಮ್ಮನೆಯವರದ್ದಮ್ಮಾ. ಊರಿಗೆಲ್ಲ ದಂಡ ಹಾಕ್ತಿದ್ದ ಬಾಯಿ ಅದು!"

ಹಲ್ಲನ್ನು ಉಪ್ಪುನೀರಿನಲ್ಲಿ ನೆನೆಸಿ ಮತ್ತೆ ಹಾಕಿಕೊಂಡಿದ್ದೇನೆ, ವಸಡಿಗೇನೂ ಆಗಿಲ್ಲ. ರಸ್ತೆಗೆ ಕಸ ಚೆಲ್ಲಿ ನನ್ನಿಂದಲೇ ದಂಡ ಹಾಕಿಸಿಕೊಂಡಿದ್ದ ನಿಮ್ಮ ಯಜಮಾನರ ಕಣ್ಣಿಗೆ ಬೀಳುವ ಮೊದಲು ಈ ಕಾರ್ಡನ್ನು ಹರಿದು ಹಾಕು.

ಒಣ ಕಸಕ್ಕೆ ಹಾಕು.

ಅಣ್ಣ